ಬಾಗಿಲಲ್ಲಿ ಕೇಳಬಾರದ ಪ್ರಶ್ನೆ

ಮೊನ್ನೆ ಕುಮಟೆಯ ಬಸ್ ನಿಲ್ದಾಣದಲ್ಲಿ ನನ್ನ ಕಾಲೇಜಿನ ಸಹಪಾಠಿ ಗಣಪತಿ ಹೆಂಡತಿಯೊಡನೆ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ನಿಂತಿದ್ದ. ಎಷ್ಟೋ ವರ್ಷದ ಮೇಲೆ ಕಣ್ಣಿಗೆ ಬಿದ್ದವನು. ಹತ್ತಿರ ಹೋಗಿ, "ಎಂತ ಗಣಪತಿ, ದೂರವಾ?" ಅಂದೆ. "ಹೌದೆ, ಸ್ವಲ್ಪ ದೂರ," ಅಂದ. ಇಬ್ಬರಿಗೂ ಸಮಾಧಾನವಾಯಿತು. ಬಸ್ಸು ಬಂತು, ಅವನು ಹತ್ತಿದ, ನಾನು ಕೈ ಬೀಸಿದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವನ ಹೆಂಡತಿ ಮಾತ್ರ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದ ಮೇಲೆ ಸಿಕ್ಕ ಗೆಳತಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಯುವ ಆಸೆಯೂ ಇಲ್ಲವಲ್ಲ ಎಂಬ ಬೇಸರ ಆ ಮುಖದಲ್ಲಿತ್ತು.

ಆಸೆ ಇಲ್ಲದೆ ಏನು? ಹೊಟ್ಟೆ ಉಬ್ಬರಿಸುವಷ್ಟಿತ್ತು. ಆದರೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ನಿಮ್ಮ ಮನೆಯಲ್ಲೂ ಹಿರಿಯರು ಹೇಳಿಯೇ ಇರುತ್ತಾರೆ. ನೀವು ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರಬಹುದು. ಹೊನ್ನಾವರದಲ್ಲಿ ಕಡಲಿಗೆ ಹೋಗುವವರ ಮನೆಯಲ್ಲಿ ಹಾಗೆ ಬಿಡಲು ಬರುವುದಿಲ್ಲ. ಯಾರಾದರೂ ಬಾಯಿ ತಪ್ಪಿ ಕೇಳಿದರೋ, ಹೊರಟವರು ಚಪ್ಪಲಿ ಕಳಚಿ ಒಳಗೆ ಬರಬೇಕು, ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಮನಸ್ಸಿದ್ದರೆ ಮತ್ತೆ ಹೊರಡಬೇಕು. ತೀರಾ ತಡೆಯಲಾಗದವರು "ದೂರವಾ?" ಎನ್ನಬಹುದು. ಅದಕ್ಕೆ ಇರುವ ಉತ್ತರಗಳು ಎರಡೇ, "ಸ್ವಲ್ಪ ದೂರ" ಮತ್ತು "ಇಲ್ಲೇ ಹತ್ತಿರ". ಎರಡರಿಂದಲೂ ಸಿಗುವ ಸುದ್ದಿ ಸೊನ್ನೆ.

ಇಂಥ ಮನೆಯಲ್ಲಿ ಹುಟ್ಟಿದ ನಾನು ಪ್ರಶ್ನೆ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಪತ್ರಿಕೆಯವಳಾದೆ. ಅದರಲ್ಲೂ ವಾಣಿಜ್ಯ ಪುಟದವಳು, ಅದರಲ್ಲೂ ಟಿವಿ ಚಾನೆಲ್ಲು, ಫೋನು, ಆ್ಯಪು ಎಂದು ಕಟ್ಟಿಕೊಂಡವರ ಸುದ್ದಿ ಬರೆಯುವವಳು. ಆ ಜನ ಯಾವಾಗ ನೋಡಿದರೂ ಎಲ್ಲಿಗೋ ಹೊರಟೇ ಇರುತ್ತಾರೆ. ಅವರನ್ನು "ಎಲ್ಲಿಗೆ" ಎಂದು ಕೇಳುವುದಕ್ಕೇ ನನಗೆ ಸಂಬಳ.

ನಾನು ಆ ಪ್ರಶ್ನೆಯನ್ನು ಮೊದಲ ಸಲ ಕೇಳಿದ್ದು ಮೂರನೇ ಇಯತ್ತೆಯಲ್ಲಿ. ಅಪ್ಪ ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಉಳಿದವರನ್ನು ನಡೆಸುವವನು. ಹೊಳೆ ಕಡಲು ಸೇರುವ ಅಳಿವೆ ದಾಟಲು ನೀರು ಏರುವ ಹೊತ್ತು ನೋಡಿಕೊಂಡು ಮಧ್ಯಾಹ್ನ ಹೊರಡುವುದಿತ್ತು. ಬೋಟು ಕಟ್ಟುವ ಧಕ್ಕೆಯಲ್ಲಿ ಖಲಾಸಿಗಳು ಕಾಯುತ್ತಿದ್ದರು. ಅಪ್ಪ ಬುತ್ತಿ ಹಿಡಿದು ಬಾಗಿಲಿಗೆ ಬಂದ. ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿದ, ತೆಗೆದ, ಮತ್ತೆ ಸಿಕ್ಕಿಸಿದ. ಹೆಗಲ ಮೇಲಿನ ಟವೆಲ್ಲು ಕೊಡವಿದ. ನಾನು ಹೊಸ್ತಿಲ ಮೇಲೆ ಕೂತು ಗೋಲಿ ಎಣಿಸುತ್ತಿದ್ದವಳು ತಲೆ ಎತ್ತಿ, "ಎಲ್ಲಿಗೆ ಹೋಗ್ತೆ ಅಪ್ಪಾ?" ಅಂದೆ.

ಸಿಗಡಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಹೋತು! ಈ ಹುಡ್ಗಿ ಬಾಯಿಗೆ ಬೂದಿ ಹಾಕ!" ಎಂದು ಅಲ್ಲಿಂದಲೇ ಕೂಗಿದಳು. ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದು ಕೂತ. ನೀರು ಕುಡಿದ. ನಿಯಮದ ಪ್ರಕಾರ ಆಗ ಎದ್ದು ಹೊರಡಬೇಕಿತ್ತು. ಅವನು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ ಚಾಪೆಯ ಮೇಲೆ ಮಲಗಿಬಿಟ್ಟ. ಬೋಟು ಹೋಗಲಿಲ್ಲ. ಉಳಿದ ಬೋಟುಗಳು ಮರುದಿನ ಬಂಗಡೆ ಹೊರಲಾರದೆ ಹೊತ್ತು ಬಂದವು. ಓಣಿಗೆ ಓಣಿಯೇ ಬಂಗಡೆ ಹುರಿಯಿತು. ನಮ್ಮ ಮನೆಯಲ್ಲಿ ಒಣಮೀನಿನ ಚಟ್ನಿ, ಅದರ ಜೊತೆಗೆ ಅಜ್ಜಿಯ ಬೈಗುಳ. ನಮ್ಮ ಖಲಾಸಿಯೊಬ್ಬ ಅಂದಿನಿಂದ ನನ್ನನ್ನು "ಎಲ್ಲಿಗೆ" ಎಂದೇ ಕರೆಯತೊಡಗಿದ. "ಏ ಎಲ್ಲಿಗೆ, ಅಪ್ಪ ಇದ್ದನಾ ಮನೇಲಿ?" ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಹಾಗೇ ಕರೆದ. ನನ್ನ ಗಂಡ ಅದು ನನ್ನ ಮುದ್ದಿನ ಹೆಸರು ಎಂದೇ ಬಹಳ ದಿನ ತಿಳಿದಿದ್ದ.

ಅಂದಿನಿಂದ ಅಪ್ಪ ಹೊರಡುವ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಅಟ್ಟುವ ಪದ್ಧತಿ ಶುರುವಾಯಿತು. "ಹೋಗು, ಬಸಳೆಗೆ ನೀರು ಹಾಕು," ಎನ್ನುವಳು ಅಜ್ಜಿ. ಮಳೆ ಹನಿಯುವ ದಿನವೂ ಹಾಕಿದ್ದೇನೆ. ನಮ್ಮ ಬಸಳೆಯಷ್ಟು ನೀರು ಕಂಡ ಬಸಳೆ ಹೊನ್ನಾವರ ತಾಲೂಕಿನಲ್ಲೇ ಇರಲಿಕ್ಕಿಲ್ಲ. ನಗುತ್ತಾ ಹೇಳುತ್ತಿದ್ದೇನೆ, ಆದರೆ ಆಗ ನಗು ಬರುತ್ತಿರಲಿಲ್ಲ. ಓಣಿಯ ಎಲ್ಲ ಮಕ್ಕಳೂ ಅಪ್ಪಂದಿರ ಹಿಂದೆ ಧಕ್ಕೆಯವರೆಗೆ ಓಡುತ್ತಿದ್ದರು. ನಾನೊಬ್ಬಳು ಬಸಳೆಯ ಬುಡದಲ್ಲಿ ನಿಂತು ಮುಂಬಾಗಿಲ ಸದ್ದು ಕೇಳುತ್ತಿದ್ದೆ. ನನ್ನ ಬಾಯಿ ಅಪ್ಪನಿಗೆ ಆಗಿಬರುವುದಿಲ್ಲ ಎಂಬುದು ನನ್ನೊಳಗೆ ಕೂತುಬಿಟ್ಟಿತು.

ಕೇಳುವಂತಿಲ್ಲ ಎಂದಮೇಲೆ ನೋಡುವುದೊಂದೇ ಉಳಿಯಿತು. ಬುತ್ತಿಯ ಡಬ್ಬಿ ಎಷ್ಟು ದೊಡ್ಡದು? ಒಂದು ಹೊತ್ತಿನದಾದರೆ ಹತ್ತಿರ. ಸೀಮೆಎಣ್ಣೆ ಸ್ಟವ್ ಹೋಯಿತೇ? ಹಾಗಾದರೆ ಎರಡು ದಿನ. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಹಿಂದಿನ ದಿನ ಉಪ್ಪಿನಕಾಯಿ ಭರಣಿ ಇಳಿಸಿದ್ದಳೇ? ಇದು ಭಟ್ಕಳ ದಾಟುವ ಲಕ್ಷಣ. ಏಳನೇ ಇಯತ್ತೆಗೆ ಬರುವಷ್ಟರಲ್ಲಿ, ಅಪ್ಪ ಎಲ್ಲಿಗೆ ಹೋಗಿ ಯಾವಾಗ ಬರುತ್ತಾನೆಂದು ನನ್ನಷ್ಟು ಸರಿಯಾಗಿ ಹೇಳುವವರು ಯಾರೂ ಇರಲಿಲ್ಲ. ಮೀನು ಮಾರುವ ಹೆಂಗಸರು ಬಂದು ಗುಟ್ಟಾಗಿ ನನ್ನನ್ನೇ ವಿಚಾರಿಸುತ್ತಿದ್ದರು. ಪತ್ರಿಕೋದ್ಯಮದ ತರಬೇತಿ ಎಲ್ಲಿ ಆಯಿತು ಎಂದು ಯಾರಾದರೂ ಕೇಳಿದರೆ ನಾನು ಮುಂಬಯಿಯ ಸಂಸ್ಥೆಯ ಹೆಸರು ಹೇಳುತ್ತೇನೆ. ನಿಜ ಹೇಳಬೇಕೆಂದರೆ ಬಸಳೆ ಚಪ್ಪರದ ಕೆಳಗೆ.

ಕುಮಟೆಯ ಒಂದು ವಾರಪತ್ರಿಕೆಯಲ್ಲಿ ಕೆಲಸ ಶುರುವಾಯಿತು. ಅಲ್ಲಿ ಸಂಪಾದಕರು, ಮುದ್ರಕರು, ಜಾಹೀರಾತು ತರುವವರು, ಕರಡು ತಿದ್ದುವವರು ಎಲ್ಲ ಒಬ್ಬರೇ. ಅವರ ಹೆಂಡತಿ ಮಾಡುತ್ತಿದ್ದ ಅವಲಕ್ಕಿ ಮಾತ್ರ ಪ್ರತ್ಯೇಕ ವಿಭಾಗ. "ನೀನು ವಾಣಿಜ್ಯ ಮತ್ತು ತಂತ್ರಜ್ಞಾನ ನೋಡ್ಕೊ," ಅಂದರು. ಆಗ ಕುಮಟೆಯ ತಂತ್ರಜ್ಞಾನ ಅಂದರೆ ಎಸ್‌ಟಿಡಿ ಬೂತಿನವನು ಮೂಲೆಯಲ್ಲಿ ಇಟ್ಟ ಒಂದು ಕಂಪ್ಯೂಟರು. ಅದಕ್ಕೆ ಅವನು ದಿನಾ ಹೂವು ಮುಡಿಸುತ್ತಿದ್ದ. ನಾನು ಅದರ ಬಗ್ಗೆ ಅರ್ಧ ಪುಟ ಬರೆದೆ. ಸಂಪಾದಕರು ಓದಿ, "ಚೆನ್ನಾಗಿದೆ, ಆದರೆ ಕಂಪ್ಯೂಟರಿನಿಂದ ಎಂತ ಮಾಡ್ತಾನೆ ಹೇಳಿ ಬರೀಲಿಲ್ಲವಲ್ಲ," ಅಂದರು. "ಅವ್ನಿಗೂ ಗೊತ್ತಿಲ್ಲ ಸರ್," ಅಂದೆ. "ಹಾಗಾದ್ರೆ ಅದನ್ನೇ ಬರಿ," ಅಂದರು. ಆಮೇಲೆ ದೊಡ್ಡ ದೊಡ್ಡ ಕಂಪನಿಗಳ ಬಗ್ಗೆ ಬರೆಯುವಾಗಲೂ ಈ ಸಲಹೆ ಉಪಯೋಗಕ್ಕೆ ಬಂದಿದೆ.

ಆ ವಾರಪತ್ರಿಕೆಯ ದಿನಗಳಲ್ಲೇ ಭಟ್ಕಳದ ಇಕ್ಬಾಲ್ ಭಾಯಿ ಪರಿಚಯವಾದರು. ಪೇಟೆಯಲ್ಲಿ ಅವರದು ಕೊಲ್ಲಿಯಿಂದ ಬಂದ ಸಾಮಾನಿನ ಅಂಗಡಿ. ಸೆಂಟು, ಟಾರ್ಚು, ಗಡಿಯಾರ, ಫೋನು. ಅಂಗಡಿಗೆ ಬಂದವರಲ್ಲಿ ಕೆಲವರೊಡನೆ ನವಾಯತಿ, ಕೆಲವರೊಡನೆ ಉರ್ದು, ಕೆಲವರೊಡನೆ ಕೊಂಕಣಿ, ನನ್ನೊಡನೆ ಕನ್ನಡ. ನಾನು ನೋಟ್‌ಪುಸ್ತಕ ತೆರೆದು ಪ್ರಶ್ನೆಗೆ ಬಾಯಿ ತೆಗೆದರೆ ಸಾಕು, ಕೈ ಎತ್ತಿ ತಡೆಯುವರು. "ಕೂತ್ಕೊ ತಂಗಿ. ಮೊದ್ಲು ಚಾಯ, ಸವಾಲು ಆಮೇಲೆ." ಚಹಾ ಮುಗಿದರೂ ಪ್ರಶ್ನೆಗೆ ಅವಕಾಶ ಇರುತ್ತಿರಲಿಲ್ಲ. "ನೀ ಸುಮ್ನೆ ಕೂರೂಕೆ ಕಲಿ. ಎದುರಿಗಿದ್ದವ್ನಿಗೆ ಸುಮ್ನೆ ಕೂರೂಕೆ ಬರೂದಿಲ್ಲ. ಅವ್ನೇ ಹೇಳ್ತಾನೆ."

ಹೊಸ ಫೋನು ಬಂದರೆ ಇಕ್ಬಾಲ್ ಭಾಯಿ ಅದನ್ನು ಚಾಲೂ ಮಾಡುತ್ತಿರಲಿಲ್ಲ. ಅಂಗೈ ಮೇಲಿಟ್ಟು ತೂಗುವರು, ತುಸು ಕುಲುಕುವರು, "ಇದು ಮಳೆಗಾಲ ದಾಟೂದಿಲ್ಲ," ಎನ್ನುವರು. ದಾಟುತ್ತಿರಲಿಲ್ಲ. ಮುಂದೆ ಮುಂಬಯಿಯ ಪಂಚತಾರಾ ಹೋಟೆಲುಗಳಲ್ಲಿ ಹೊಗೆ ಬಿಟ್ಟು, ಡೋಲು ಬಡಿದು ಹೊಸ ಫೋನುಗಳನ್ನು ಅನಾವರಣ ಮಾಡಿದಾಗ ಉಳಿದ ವರದಿಗಾರರು ತಜ್ಞರಿಗೆ ಫೋನು ಮಾಡುತ್ತಿದ್ದರು. ನಾನು ಭಟ್ಕಳಕ್ಕೆ ಮಾಡುತ್ತಿದ್ದೆ.

ಕೆಲವು ವರ್ಷದ ಮೇಲೆ ನಾನು ಸೇರಿದ ಮುಂಬಯಿ ಪತ್ರಿಕೆಯಲ್ಲಿ ನನಗೆ ಕಂಟಕವಾಗಿದ್ದು ಒಂದೇ ಒಂದು ಪ್ರಶ್ನೆ. ಕಂಪನಿಯ ಮುಖ್ಯಸ್ಥರನ್ನು ಕಂಡಾಗ ಕೊನೆಗೆ ಅದನ್ನು ಕೇಳಲೇಬೇಕು ಎಂಬುದು ಅಲ್ಲಿನ ಶಾಸ್ತ್ರ. "ಇನ್ನು ಐದು ವರ್ಷದಲ್ಲಿ ನಿಮ್ಮ ಕಂಪನಿ ಎಲ್ಲಿರುತ್ತದೆ?" ಅಂದರೆ, ಎಲ್ಲಿಗೆ ಹೋಗುತ್ತಿದ್ದೀರಿ! ಹೊಸ್ತಿಲಲ್ಲಿ ನಿಂತವರನ್ನು! ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಒಂದು ಸಲ ಹೊಸ ಟಿವಿ ಚಾನೆಲ್ಲಿನ ಮಾಲೀಕರ ಎದುರು ಕೂತು, ಆ ಪ್ರಶ್ನೆಯ ಜಾಗ ಬಂದಾಗ ಬೆವರಿ, ಕೊನೆಗೆ "ದೂರವಾ ಸರ್?" ಎಂಬುದನ್ನೇ ಹಿಂದಿಯಲ್ಲಿ ಕೇಳಿಬಿಟ್ಟೆ. ಆಮೇಲೆ ಇಕ್ಬಾಲ್ ಭಾಯಿಯನ್ನು ನೆನೆದು ಚಹಾ ಕುಡಿಯುತ್ತಾ ಸುಮ್ಮನೆ ಕೂತೆ. ಆ ಮನುಷ್ಯ ನನ್ನನ್ನೇ ನೋಡಿದರು. ಕಿಟಕಿ ನೋಡಿದರು. "ಬಹಳ ದೂರ ಬೇಟಾ," ಎಂದು ನಿಟ್ಟುಸಿರಿಟ್ಟು, ಚಾನೆಲ್ಲನ್ನು ಮುಚ್ಚಲಿರುವ ವಿಷಯವನ್ನೆಲ್ಲ ಹೇಳಿದರು. ಮರುದಿನ ಅದು ಮುಖಪುಟದಲ್ಲಿ ಬಂತು. ಕಚೇರಿಯಲ್ಲಿ ನನ್ನ ಜಾಣತನದ ಗುಣಗಾನವಾಯಿತು. ನಾನು ತಲೆ ಬಗ್ಗಿಸಿ ಸ್ವೀಕರಿಸಿದೆ.

ಹಿಗ್ಗಿ ಕೂತವಳನ್ನು ಹೊಸ ಸಂಪಾದಕ ಬಂದು ಇಳಿಸಿದ. "ಎಲ್ಲರೂ ಕೇಳುವುದನ್ನು ನೀವೂ ಕೇಳಿ, ನೇರವಾಗಿ," ಎಂದು ತಾಕೀತು ಮಾಡಿದ. ಗತಿಯಿಲ್ಲದೆ ಕೇಳಿದೆ. ಹಾಡು ಕೇಳಿಸುವ ಆ್ಯಪಿನ ಯುವಕನೊಬ್ಬ ಮೇಲಕ್ಕೇರುವ ಬಾಣದ ಚಿತ್ರ ತೋರಿಸಿದ. ಮೂರು ತಿಂಗಳಲ್ಲಿ ಬಾಗಿಲು ಹಾಕಿದ. ಮನೆಪಾಠ ಹೇಳಿಕೊಡುವ ಕಂಪನಿಯವರನ್ನು ಕೇಳಿದೆ, ಅದೂ ಹೋಯಿತು. ದಿನಸಿ ತಂದುಕೊಡುವವರದೂ ಆಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ನಾನು ಕೇಳದ ಕಂಪನಿಗಳೂ ಸಾಲಾಗಿ ಮುಳುಗುತ್ತಿದ್ದವು. ಆದರೆ ಊರಿಗೆ ಫೋನು ಮಾಡಿ ಅಜ್ಜಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆಂತ ಆಗ್ತದೆ? ಪಾಪ, ಹೊರಟವ್ರನ್ನ ಕೇಳೂದಾ! ಅವ್ರು ಒಳಗೆ ಬಂದು ನೀರು ಕುಡ್ದ್ರನಾ?" ಅಂದಳು. ಕುಡಿದಿರಲಿಲ್ಲ. ಆಮೇಲಿಂದ ನಾನು ಆ ಪ್ರಶ್ನೆ ಕೇಳಿದ ಕೂಡಲೇ ಎದುರಿಗಿದ್ದವರ ಕಡೆ ನೀರಿನ ಲೋಟ ಸರಿಸತೊಡಗಿದೆ. ಬಹಳ ವಿನಯವಂತೆ ಎಂಬ ಹೆಸರು ಬಂತು.

ಉಳಿದಂತೆ ನನ್ನನ್ನು ಕಾಪಾಡಿದ್ದು ಬಸಳೆ ಚಪ್ಪರದ ವಿದ್ಯೆಯೇ. ಯಾವ ಕಂಪನಿಗೆ ಹೋದರೂ ಮೊದಲು ಬಾಗಿಲ ಬಳಿಯ ಹೂಕುಂಡಗಳನ್ನು ನೋಡುತ್ತಿದ್ದೆ. ಗಿಡಕ್ಕೆ ನೀರು ಹಾಕುವವನನ್ನು ಬಿಡಿಸಿದ್ದಾರೆ ಅಂದರೆ ಮುಂದಿನ ಸರದಿ ಯಾರದೆಂದು ತಿಳಿಯಲು ಜಾಣರೇನೂ ಆಗಬೇಕಿಲ್ಲ. ಒಮ್ಮೆ ಒಬ್ಬ ಮುಖ್ಯಸ್ಥ ಒಂದು ಗಂಟೆ ಭವಿಷ್ಯದ ಬಗ್ಗೆ ಮಾತಾಡಿದ. ನಾನು ಒಣಗಿದ ಗಿಡದ ಬಗ್ಗೆ ಬರೆದೆ. ಅವನು ಸಿಟ್ಟಾಗಿ ಫೋನು ಮಾಡಿದ. ಎರಡು ವಾರ ಬಿಟ್ಟು ಮತ್ತೆ ಮಾಡಿ, ನಮ್ಮ ಪತ್ರಿಕೆಯಲ್ಲಿ ಏನಾದರೂ ಕೆಲಸವಿದೆಯೇ ಎಂದು ವಿಚಾರಿಸಿದ.

ಕೆಲವು ವರ್ಷಗಳಿಂದ ಹೊನ್ನಾವರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಜ್ಜಿ ಈಗಿಲ್ಲ. ಅಪ್ಪ ಕಡಲು ಬಿಟ್ಟು ಜಗುಲಿಯಲ್ಲಿ ಬಲೆ ನೇಯುತ್ತಾನೆ. ಓಣಿಯ ಹುಡುಗರ ಹರಿದ ಬಲೆಗಳೆಲ್ಲ ಅವನ ಮುಂದೆ ಸಾಲುಗಟ್ಟಿರುತ್ತವೆ. ನನ್ನ ಮುಂದೆ ಸಾಲುಗಟ್ಟುವುದು ಓಣಿಯ ಫೋನುಗಳು. ಮಗಳು ಫೋನಿನ ಬಗ್ಗೆ ಪೇಪರಿನಲ್ಲಿ ಬರೆಯುತ್ತಾಳೆ ಎಂದು ಆಯಿ ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಶರಾವತಿಗೆ ಬಿದ್ದದ್ದು, ಮೊಮ್ಮಗ ಗಂಜಿಗೆ ಹಾಕಿದ್ದು, ಧಾರಾವಾಹಿಯ ಹೊತ್ತಿಗೇ ನಿಲ್ಲುವ ಡಿಶ್‌ನ ಪೆಟ್ಟಿಗೆ, ಎಲ್ಲ ನಮ್ಮ ಮನೆಗೆ. "ನಾನು ಸುದ್ದಿ ಬರಿಯೂದು, ರಿಪೇರಿ ಅಲ್ಲ," ಎಂದರೆ, "ಅಷ್ಟೆಲ್ಲ ಬರ್ದವ್ಳಿಗೆ ಇಷ್ಟು ಬರೂದಿಲ್ಲನಾ?" ಎನ್ನುತ್ತಾರೆ. ಆಫ್ ಮಾಡಿ ಆನ್ ಮಾಡಿಕೊಡುತ್ತೇನೆ. ಅರ್ಧಕ್ಕರ್ಧ ಸರಿಯಾಗುತ್ತವೆ.

ಹೀಗಿರುವಾಗ ಕಳೆದ ವರ್ಷ ನನಗೊಂದು ಕರೆ ಬಂತು. ಮುಂಬಯಿಯ ಒಂದು ದೊಡ್ಡ ತಂತ್ರಜ್ಞಾನ ಕಂಪನಿಗೆ ಪತ್ರಿಕೆಯವರನ್ನು ನೋಡಿಕೊಳ್ಳಲು ಒಬ್ಬ ಮುಖ್ಯಸ್ಥೆ ಬೇಕಾಗಿದ್ದಳು. ನೋಡಿಕೊಳ್ಳುವುದು ಎಂದರೆ, ವರದಿಗಾರರು ಕೇಳುವ ಪ್ರಶ್ನೆಗಳಿಗೆ ನಗುನಗುತ್ತಾ ಏನನ್ನೂ ಹೇಳದೆ ಅವರನ್ನು ಕಳಿಸುವುದು. "ಸ್ವಲ್ಪ ದೂರ", "ಇಲ್ಲೇ ಹತ್ತಿರ". ಹುಟ್ಟಿದಾರಭ್ಯ ಕಲಿತ ವಿದ್ಯೆ ಅದು, ನನಗಿಂತ ಯೋಗ್ಯರು ಅವರಿಗೆ ಸಿಗುತ್ತಿರಲಿಲ್ಲ. ಪತ್ರಿಕೆಗಳು ದಿನದಿನಕ್ಕೆ ತೆಳ್ಳಗಾಗುತ್ತಿದ್ದವು. ನಮ್ಮ ಕಚೇರಿಯ ಹೂಕುಂಡಗಳು ಒಣಗಿವೆ ಎಂದು ಮುಂಬಯಿಯ ಗೆಳತಿ ಆಗಲೇ ತಿಳಿಸಿದ್ದಳು. ಎಲ್ಲರೂ ಒಪ್ಪಿಕೊ ಅಂದರು. ಗಂಡ ಅಂದ, ಆಯಿ ಅಂದಳು. ನಾನೂ ಹೂಂ ಅಂದೆ. ಅಂದ ದಿನದಿಂದ ನನಗೆ ಊಟ ಸೇರಲಿಲ್ಲ. ಇನ್ನು ಮೇಲೆ ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ, ಮತ್ತೆ ಹಿತ್ತಲಿಗೆ ಹೋಗಿ ಬಸಳೆಗೆ ನೀರು ಹಾಕಬೇಕು ಎಂಬಂತೆ ಅಳು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ಒಪ್ಪಿಕೊಂಡ ಮೇಲೆ ಬೇಡ ಎನ್ನಲು ನಾಚಿಕೆ.

ಅಪ್ಪ ಮಾತ್ರ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬಲೆಯ ಕಣ್ಣು ಲೆಕ್ಕ ಹಾಕುತ್ತಾ ಕೂತಿದ್ದ.

ಸಹಿ ಮಾಡಲು ಮುಂಬಯಿಗೆ ಹೊರಡುವ ದಿನ ಬಂತು. ಸಂಜೆಯ ರೈಲು. ಗಂಡ ಸೂಟ್‌ಕೇಸನ್ನು ರಿಕ್ಷಾದಲ್ಲಿಟ್ಟು ಕೂತಾಗಿತ್ತು. ನಾನು ದೇವರಿಗೆ ಕೈ ಮುಗಿದು, ಆಯಿಯ ಕಾಲಿಗೆ ಬಿದ್ದು, ಜಗುಲಿಗೆ ಬಂದು ಚಪ್ಪಲಿ ಹಾಕಿಕೊಂಡೆ. ಒಂದರ ಪಟ್ಟಿ ಬಿಗಿಯಾಯಿತು ಎಂದು ಬಿಚ್ಚಿದೆ. ಸಡಿಲವಾಯಿತು ಎಂದು ಮತ್ತೆ ಬಿಗಿದೆ. ಇನ್ನೊಂದನ್ನೂ ಹಾಗೇ ಮಾಡಿದೆ. ರಿಕ್ಷಾದವನು ಹಾರ್ನ್ ಹೊಡೆದ. ಎದ್ದು ಮೆಟ್ಟಿಲ ಮೇಲೆ ಕಾಲಿಟ್ಟೆ.

"ಎಲ್ಲಿಗೆ ಹೋಗ್ತೆ ಮಗಾ?"

ನಾನು ತಿರುಗಿ ನೋಡಿದೆ. ಅಪ್ಪ ಬಲೆಯಿಂದ ತಲೆ ಎತ್ತಿರಲಿಲ್ಲ. ಒಳಗಿನಿಂದ ಆಯಿ ಓಡಿ ಬಂದಳು. "ಅಯ್ಯೋ ದೇವ್ರೆ! ನಿಮ್ಗೆಂತ ಆತು? ಇಷ್ಟು ವರ್ಷ ಕಡಲಿಗೆ ಹೋದವ್ರು, ಅಷ್ಟೂ ತಿಳೀತಿಲ್ಲನಾ?"

"ಬಾಯಿ ತಪ್ತು," ಅಂದ ಅಪ್ಪ. ಎಪ್ಪತ್ತು ದಾಟಿದ ಅವನ ಬಾಯಿ ಈ ವಿಷಯದಲ್ಲಿ ತಪ್ಪಿದ್ದನ್ನು ನಾವು ಯಾರೂ ಕಂಡಿರಲಿಲ್ಲ. "ಎಂತ ಮಾಡೂದು, ಕೇಳಿ ಆತಲ್ಲ. ಒಳಗೆ ಬಾ. ಕೂತ್ಕ. ನೀರು ಕುಡಿ."

ನಿಯಮ ನಿಯಮವೇ. ಚಪ್ಪಲಿ ಬಿಚ್ಚಿದೆ, ಈ ಸಲ ಪಟ್ಟಿ ತಕ್ಷಣ ಬಿಚ್ಚಿಕೊಂಡಿತು. ಅಪ್ಪನ ಪಕ್ಕ ಕೂತೆ. ಆಯಿ ಗೊಣಗುತ್ತಾ ಕೊಟ್ಟ ದೊಡ್ಡ ಚೊಂಬಿನ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ರಿಕ್ಷಾದವನು ಎರಡು ಸಲ ಹಾರ್ನ್ ಹೊಡೆದು ಬೇಸತ್ತು ಬೀಡಿ ಹಚ್ಚಿದ. ಚೊಂಬಿನ ತಳ ಕಾಣುವ ಹೊತ್ತಿಗೆ ಶರಾವತಿ ಸೇತುವೆಯ ಮೇಲೆ ರೈಲು ಧಡಧಡ ಬರುವ ಸದ್ದು ಕೇಳಿಸಿತು. ಆ ಸದ್ದನ್ನು ಮನೆಯಲ್ಲಿ ಕೂತು ಕೇಳಿದವರಿಗೆ ಆ ರೈಲು ಸಿಗುವುದಿಲ್ಲ ಎಂಬುದು ಹೊನ್ನಾವರದಲ್ಲಿ ಎಲ್ಲರಿಗೂ ಗೊತ್ತು.

ಮರುದಿನವೂ ರೈಲಿತ್ತು. ನಾನು ಟಿಕೆಟ್ ನೋಡಲಿಲ್ಲ. ಗಂಡ ರಿಕ್ಷಾದವನಿಗೆ ಹಣ ಕೊಟ್ಟು ಸೂಟ್‌ಕೇಸ್ ಒಳಗೆ ತಂದಿಟ್ಟ. ಆಯಿ ಅಪ್ಪನನ್ನು ಬೈಯುತ್ತಲೇ ಅಡುಗೆಮನೆಗೆ ಹೋಗಿ ನನಗೂ ಸೇರಿಸಿ ಅಕ್ಕಿ ಹಾಕಿದಳು. ಜಗುಲಿಯಲ್ಲಿ ನಾವಿಬ್ಬರೇ ಉಳಿದೆವು.

"ಯಾಕೆ ಕೇಳ್ದೆ ಅಪ್ಪಾ?"

"ಚಪ್ಪಲಿ ಹಾಕೂಕೆ ಅಷ್ಟೊತ್ತು ಬೇಕನಾ? ನೋಡ್ದೆ. ನಂಗೆ ಗೊತ್ತಾಗ್ತದೆ." ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಚ್ಚಿದ. "ಆವತ್ತು ನಾನೂ ಹಾಗೇ ಮಾಡಿದ್ದೆ. ಮೈ ಬಿಸಿ ಇತ್ತು, ಕೈಕಾಲು ಸೋತಿತ್ತು. ತಾಂಡೇಲ ಆದವ ನಂಗೆ ಜ್ವರ, ನಾ ಬರೂದಿಲ್ಲ ಹೇಳೂಕಾಗ್ತದಾ? ಯಾರಾದ್ರೂ ಕೇಳ್ಲಿ ದೇವ್ರೆ ಅಂತೇ ಬಾಗಿಲಲ್ಲಿ ನಿಧಾನ ಮಾಡ್ತಿದ್ದೆ. ನೀ ಕೇಳ್ದೆ. ಬದುಕ್ಕಂಡೆ."

ಆ ಬಂಗಡೆಯ ಪರಿಮಳ, ಅಜ್ಜಿಯ ಬೈಗುಳ, ಬಸಳೆಯ ಬುಡ, ನನ್ನ ಮದುವೆಯ ಪಂಕ್ತಿ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಇಡೀ ಊರು ಎಲ್ಲಿಗೆ ಹೋಗುತ್ತಿದೆಯೆಂದು ವಿಚಾರಿಸುತ್ತಾ ತಲೆ ಹಣ್ಣಾದ ವರದಿಗಾರ್ತಿ ನಾನು.

"ಮತ್ತೆ ಇಷ್ಟು ವರ್ಷ ಅದನ್ನ ಹೇಳ್ಲೇ ಇಲ್ಲವಲ್ಲ ಅಪ್ಪಾ!"

ಅಪ್ಪ ಮೊದಲ ಸಲ ಬಲೆಯಿಂದ ತಲೆ ಎತ್ತಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ನೀ ಕೇಳ್ಲೇ ಇಲ್ಲವಲ್ಲೆ," ಅಂದ.